ನಿಮ್ಮದು ಎಷ್ಟು ಪರ್ಸೆಂಟು?

ಶಿವಮೊಗ್ಗದಲ್ಲಿ ಎಲ್ಲೆಲ್ಲಿ ಕೆಲಸ ಖಾಲಿ ಇದೆ ಎಂದು ತಿಳಿಯಲು ಉದ್ಯೋಗ ವಿನಿಮಯ ಕೇಂದ್ರಕ್ಕೆ ಅಲೆಯಬೇಕಾಗಿಲ್ಲ. ದುರ್ಗಿಗುಡಿ ಕಡೆಯ ಯಾವುದಾದರೊಂದು ಜೆರಾಕ್ಸ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ಬಂದ ಹುಡುಗರ ಕೈಯಲ್ಲಿ ಯಾವ ಕಾಗದ ಇದೆ ಎಂದು ನೋಡಿಯೇ ಅಂಗಡಿಯವನು ಹೇಳಿಬಿಡುತ್ತಾನೆ: ಇದು ಅಂಚೆ ಇಲಾಖೆಯದು, ಇದು ಕೆಪಿಎಸ್‌ಸಿಯದು, ಇದು ಬೆಂಗಳೂರಿನ ಕಂಪನಿಯದು. ನಾನು ಹೋಗುವ ಅಂಗಡಿಯವನನ್ನು ಒಮ್ಮೆ ಕೇಳಿದೆ, “ಅಲ್ಲ ಮಾರಾಯ, ಇಷ್ಟು ವರ್ಷದಿಂದ ಊರವರ ಮಾರ್ಕ್ಸ್ ಕಾರ್ಡೆಲ್ಲ ನಿನ್ನ ಮಿಷನ್ನಿನ ಮೇಲೆ ಹಾದುಹೋಗಿವೆ. ಯಾವುದಕ್ಕೆ ಬೆಲೆ ಜಾಸ್ತಿ?”

ಅವನು ಯೋಚಿಸಲೂ ಇಲ್ಲ. “ಎಸ್ಸೆಸ್ಸೆಲ್ಸಿದು ಸಾರ್. ಡಿಗ್ರಿದು ಕೇಳೋದೇ ಕಮ್ಮಿ. ಕೇಳಿದ್ರೂ ಒಂದೇ ಕಾಪಿ.”

ಹತ್ತನೇ ಕ್ಲಾಸಿನ ಕಾರ್ಡಿಗೆ ಈ ಮರ್ಯಾದೆ ಬಂದದ್ದು ಅದರಲ್ಲಿರುವ ಗಣಿತದ ಅಂಕದಿಂದಲ್ಲ, ಹುಟ್ಟಿದ ತಾರೀಖಿನಿಂದ. ಪಾಸ್‌ಪೋರ್ಟಿಗೂ ಅದೇ, ಪಿಎಫ್‌ಗೂ ಅದೇ, ನಿವೃತ್ತಿಯ ದಿನ ಲೆಕ್ಕ ಹಾಕುವುದಕ್ಕೂ ಅದೇ. ಸಮಾಜವಿಜ್ಞಾನದಲ್ಲಿ ಮೂವತ್ತೈದು ಬಂದದ್ದು ಅಲ್ಲೇ ಪಕ್ಕದಲ್ಲಿ ಅಚ್ಚಾಗಿರುತ್ತದೆ. ಯಾರೂ ಆ ಕಡೆ ಕಣ್ಣು ಹಾಯಿಸುವುದಿಲ್ಲ. ಅದನ್ನು ಜೋಪಾನ ಮಾಡಲು ಹೋಗಿ ಲ್ಯಾಮಿನೇಷನ್ ಮಾಡಿಸಿದವರನ್ನು ಕಂಡರೆ ಮಾತ್ರ ನಮ್ಮ ಅಂಗಡಿಯವನಿಗೆ ಸಿಟ್ಟು. “ಹಿಂದೆ ಸೀಲು ಹಾಕೋರು ಎಲ್ಲಿ ಹಾಕ್ಬೇಕು ಸಾರ್, ಪ್ಲಾಸ್ಟಿಕ್ ಮೇಲಾ?”

ಹಾಗಾದರೆ ಮೂರು ವರ್ಷ ಸಹ್ಯಾದ್ರಿ ಕಾಲೇಜಿಗೋ ಡಿವಿಎಸ್‌ಗೋ ಮಣ್ಣು ಹೊತ್ತು, ಕುವೆಂಪು ವಿಶ್ವವಿದ್ಯಾಲಯದ ಮೊಹರು ಒತ್ತಿಸಿಕೊಂಡು ತಂದ ಡಿಗ್ರಿಯ ಪರ್ಸೆಂಟೇಜನ್ನು ಕೆಲಸ ಕೊಡುವವರು ನೋಡುವುದೇ ಇಲ್ಲವೆ? ನೋಡುತ್ತಾರೆ. ಆದರೆ ಯಾರು, ಯಾವಾಗ ನೋಡುತ್ತಾರೆ ಎನ್ನುವುದರಲ್ಲಿ ಒಂದು ತಮಾಷೆ ಇದೆ.

ಸರ್ಕಾರವನ್ನೇ ಮೊದಲು ತೆಗೆದುಕೊಳ್ಳಿ. ಅಂಚೆ ಇಲಾಖೆ ಗ್ರಾಮೀಣ ಡಾಕ್ ಸೇವಕರನ್ನು ಆರಿಸುವುದು ಹತ್ತನೇ ಕ್ಲಾಸಿನ ಅಂಕದ ಮೇಲೆ. ಅದಕ್ಕಿಂತ ಹೆಚ್ಚು ಓದಿದ್ದರೆ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ ಎಂದು ಪ್ರಕಟಣೆಯಲ್ಲೇ ಸಭ್ಯ ಭಾಷೆಯಲ್ಲಿ ಬರೆದಿರುತ್ತಾರೆ. ಎಂಎ ಮಾಡಿದವನೂ ಹದಿನೈದನೇ ವಯಸ್ಸಿನ ತನ್ನ ಜೊತೆಯಲ್ಲೇ ನಿಂತು ಸ್ಪರ್ಧಿಸಬೇಕು. ಜೊತೆಗೆ ಸೈಕಲ್ ಹೊಡೆಯಲು ಬರಬೇಕೆಂಬ ಷರತ್ತು ಬೇರೆ. ನನ್ನ ಕೇಳಿದರೆ ಇಡೀ ಪ್ರಕಟಣೆಯಲ್ಲಿ ಕೆಲಸಕ್ಕೆ ಸಂಬಂಧಪಟ್ಟ ಮಾತು ಅದೊಂದೇ. ಗ್ರಾಮ ಲೆಕ್ಕಿಗರನ್ನು ಬಹುಕಾಲ ಪಿಯುಸಿ ಅಂಕದ ಮೇಲೆ ತೆಗೆದುಕೊಂಡರು. ಆ ಕಾಲದಲ್ಲಿ ಡಿಗ್ರಿಯಲ್ಲಿ ಚಿನ್ನದ ಪದಕ ಬಂದವನು ಪಿಯುಸಿಯಲ್ಲಿ ತೊಂಬತ್ತು ತೆಗೆದವಳ ಮುಂದೆ ಸುಮ್ಮನೆ ಕೈಕಟ್ಟಿ ನಿಲ್ಲಬೇಕಿತ್ತು. 2024ರಲ್ಲಿ ಸಾವಿರ ಹುದ್ದೆಗೆ ಕರೆದಾಗ ಅಂಕ ಬಿಟ್ಟು ಪರೀಕ್ಷೆ ಇಟ್ಟರು. ಎಫ್‌ಡಿಎ, ಕೆಎಎಸ್‌ಗೆ ಡಿಗ್ರಿ ಬೇಕು, ಸರಿ. ಆದರೆ ಪಾಸಾಗಿದ್ದರೆ ಸಾಕು, ಆಮೇಲೆ ಅವರದೇ ಪರೀಕ್ಷೆ. ಪರ್ಸೆಂಟನ್ನು ಗಂಭೀರವಾಗಿ ಹಿಡಿದುಕೊಂಡಿರುವವರು ಕಾಲೇಜು ಮೇಷ್ಟ್ರುಗಳನ್ನು ಆರಿಸುವವರು. ಸ್ನಾತಕೋತ್ತರದಲ್ಲಿ ಐವತ್ತೈದು ಇಲ್ಲದಿದ್ದರೆ ಮೀಸಲಾತಿಯ ರಿಯಾಯಿತಿ ಇಲ್ಲದವನಿಗೆ ನೆಟ್ಟೂ ಇಲ್ಲ, ಕೆಸೆಟ್ಟೂ ಇಲ್ಲ. ಐವತ್ನಾಲ್ಕೂವರೆಗೆ ನಿಂತು, ಮತ್ತೊಂದು ವಿಷಯದಲ್ಲಿ ಎಂಎ ಕಟ್ಟಿದ ಪುಣ್ಯಾತ್ಮರು ಎಲ್ಲ ಊರಲ್ಲೂ ಇದ್ದಾರೆ.

ಇನ್ನು ಸಾಫ್ಟ್‌ವೇರ್ ಕಂಪನಿಗಳು. ನವುಲೆಯ ಎಂಜಿನಿಯರಿಂಗ್ ಕಾಲೇಜಿನ ಹುಡುಗರನ್ನು ಮಾತಿಗೆಳೆದರೆ ಬಾಯಲ್ಲಿ ಬರುವುದು ಎರಡೇ ಮಂತ್ರ: “ಥ್ರೂಔಟ್ ಅರವತ್ತು”, “ನೋ ಬ್ಯಾಕ್ಸ್”. ಹತ್ತರಲ್ಲಿ ಅರವತ್ತು, ಪಿಯುಸಿಯಲ್ಲಿ ಅರವತ್ತು, ಬಿಇಯಲ್ಲಿ ಅರವತ್ತು. ಪಿಯುಸಿ ಪರೀಕ್ಷೆಯ ವಾರ ಟೈಫಾಯ್ಡ್ ಮಲಗಿಸಿ ಐವತ್ತೊಂಬತ್ತಾಗಿದ್ದರೆ ಮುಂದೆ ನಾಲ್ಕು ವರ್ಷ ತಿಪ್ಪರಲಾಗ ಹಾಕಿದರೂ ಕೆಲವು ಕಂಪನಿಗಳ ಗೇಟು ತೆರೆಯುವುದಿಲ್ಲ. ಸಿಜಿಪಿಎ ಬಂದ ಮೇಲೆ ಲೆಕ್ಕ ಇನ್ನೂ ರಸವತ್ತಾಯಿತು. ವಿಟಿಯುನ 2015ರ ಸ್ಕೀಮಿನವರು ತಮ್ಮ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಬೇಕಿತ್ತು. 6.75 ಬಂದವನಿಗೆ ಸರಿಯಾಗಿ ಅರವತ್ತು, 6.70 ಬಂದವನಿಗೆ ಐವತ್ತೊಂಬತ್ತೂವರೆ. ಈ 0.75 ಎಲ್ಲಿಂದ ಬಂತು ಎಂದು ಪಕ್ಕದ ಮನೆಯ ಹುಡುಗನನ್ನು ಕೇಳಿದೆ. “ಅದು ಹಂಗೇ ಅಂಕಲ್” ಎಂದ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವರು ಕೊಡುವ ಉತ್ತರಗಳಲ್ಲಿ ಇದು ಉತ್ತಮವಾದದ್ದೇ.

ಅರವತ್ತು ತೆಗೆದವನು ಐವತ್ತೊಂಬತ್ತೂವರೆಯವನಿಗಿಂತ ಒಳ್ಳೆಯ ಪ್ರೋಗ್ರಾಮು ಬರೆಯುತ್ತಾನೆಂದು ಕಂಪನಿಯವರೂ ನಂಬಿರಲಾರರು. ಅವರ ಕಷ್ಟ ಬೇರೆ. ಕುರ್ಚಿ ಐವತ್ತು, ಅರ್ಜಿ ಐದು ಸಾವಿರ. ಐದು ಸಾವಿರ ಜನರನ್ನು ಮಾತಾಡಿಸಲು ಯಾರ ಅಪ್ಪನ ಕೈಲೂ ಆಗದು. ಎಲ್ಲೋ ಒಂದು ಗೆರೆ ಎಳೆಯಬೇಕು, ಆ ಗೆರೆಗೆ ಕೋರ್ಟಿನಲ್ಲೂ ಕಾಲೇಜಿನಲ್ಲೂ ಮರ್ಯಾದೆ ಇರಬೇಕು. ಅಂಕಕ್ಕೆ ಇರುವಷ್ಟು ಮರ್ಯಾದೆ ಬೇರೆ ಯಾವುದಕ್ಕಿದೆ? ಅಂಕ ಕೇಳುವುದು ಜನರನ್ನು ಆರಿಸುವುದಕ್ಕಲ್ಲ, ಹಿಂದೆ ಕಳಿಸುವುದಕ್ಕೆ ಎಂದು ನನ್ನ ಅನುಮಾನ. ಗೆರೆ ದಾಟಿದ ಮೇಲೆ ಎಂಬತ್ತೈದರವನೂ ಅರವತ್ತೊಂದರವನೂ ಒಂದೇ ಬೆಂಚು. ಅಲ್ಲಿಂದಾಚೆಗೆ ಅವರಿಗೆ ಒಗಟು ಕೊಡುತ್ತಾರೆ. ಒಂದು ಕಾಲದಲ್ಲಿ ಇನ್ಫೋಸಿಸ್ ಪರೀಕ್ಷೆಗೆಂದು ಹುಡುಗರು ಶಕುಂತಲಾ ದೇವಿಯವರ ಒಗಟಿನ ಪುಸ್ತಕವನ್ನು ಹಂಚಿಕೊಂಡು ಓದುತ್ತಿದ್ದರು. 1980ರಲ್ಲಿ ಲಂಡನ್ನಿನಲ್ಲಿ ಎರಡು ಹದಿಮೂರು ಅಂಕಿಯ ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ ಆ ಬೆಂಗಳೂರಿನ ಹೆಣ್ಣುಮಗಳು ಕ್ರಮವಾಗಿ ಶಾಲೆಗೆ ಹೋದವರಲ್ಲ. ಥ್ರೂಔಟ್ ಅರವತ್ತಿನ ಗೇಟಿನಲ್ಲಿ ಆಕೆಯನ್ನೇ ತಡೆಯುತ್ತಿದ್ದರು. ಒಳಗೆ ಹೋದವರು ಓದಿದ್ದು ಆಕೆಯ ಪುಸ್ತಕ.

ಹೊರದೇಶದವರಿಗೆ ಈ ಜ್ಞಾನೋದಯ ಆಗಾಗ ಆಗುತ್ತಿರುತ್ತದೆ. 2013ರಲ್ಲಿ ಗೂಗಲ್‌ನ ನೇಮಕಾತಿಯ ಹಿರಿಯರೊಬ್ಬರು ಕಾಲೇಜಿನ ಅಂಕದಿಂದ ಒಳ್ಳೆಯ ಕೆಲಸಗಾರ ಯಾರೆಂದು ತಿಳಿಯುವುದಿಲ್ಲ, ಹೊಸದಾಗಿ ಕಾಲೇಜು ಬಿಟ್ಟವರ ವಿಷಯದಲ್ಲಿ ಅಷ್ಟಿಷ್ಟು ಮಾತ್ರ ಎಂದರು. 2015ರಲ್ಲಿ ಇಂಗ್ಲೆಂಡಿನ ಅರ್ನ್ಸ್ಟ್ ಅಂಡ್ ಯಂಗ್ ಡಿಗ್ರಿಯ ಕ್ಲಾಸು ನೋಡುವುದನ್ನು ಬಿಟ್ಟಿತು. ಬಿಟ್ಟು ತಮ್ಮದೇ ಪರೀಕ್ಷೆ ಇಟ್ಟರು. ಜರಡಿ ಬದಲಾಯಿತು, ಜನಜಂಗುಳಿ ಹಾಗೇ ಉಳಿಯಿತು.

ಭದ್ರಾವತಿಯ ಕಥೆ ಇಲ್ಲಿ ಹೇಳಲೇಬೇಕು. ಆ ಊರಿನ ಎಲ್ಲ ಮಾತಿಗೂ ಮೂಲಪುರುಷರಾದ ವಿಶ್ವೇಶ್ವರಯ್ಯನವರು ಅಪ್ಪಟ ಮಾರ್ಕ್ಸ್ ಕಾರ್ಡಿನ ಮನುಷ್ಯ. ಮಕ್ಕಳಿಗೆ ಮನೆಪಾಠ ಹೇಳಿಕೊಂಡು ಬೆಂಗಳೂರಿನಲ್ಲಿ ಬಿಎ ಮುಗಿಸಿ, ಪುಣೆಗೆ ಹೋಗಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮುಂಬಯಿ ಪ್ರಾಂತ್ಯಕ್ಕೇ ಮೊದಲಿಗರಾದರು. ಮರುವರ್ಷ ಮುಂಬಯಿ ಸರ್ಕಾರ ಕರೆದು ಸಹಾಯಕ ಎಂಜಿನಿಯರ್ ಮಾಡಿತು. ಹೀಗೆ ರಿಸಲ್ಟಿನಿಂದ ನೇರ ಕುರ್ಚಿಗೆ ಹೋದವರು, 1918ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯನ್ನು 1923ರಿಂದ ಅಧ್ಯಕ್ಷರಾಗಿ ನಡೆಸಿ ದಡ ಹತ್ತಿಸಿದರು. ಬೆಂಕಿಪುರವಾಗಿದ್ದ ಹಳ್ಳಿ ಭದ್ರಾವತಿಯಾಯಿತು. ಅಷ್ಟಾದ ಮೇಲೆ ತಮಗೆ ಬರಬೇಕಿದ್ದ ಸಂಭಾವನೆಯನ್ನು ಅವರು ಕೊಡಿಸಿದ್ದು ಎಲ್ಲಿಗೆ? ಬೆಂಗಳೂರಿನಲ್ಲಿ ಹುಡುಗರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ. ಮೊದಲ ರ‍್ಯಾಂಕಿನವರಿಗೆ ಇನ್ನೊಂದು ಪದಕ ಇಡಬಹುದಿತ್ತು, ಇಡಲಿಲ್ಲ. ಕುಲುಮೆಯ ಎದುರು ಆರು ವರ್ಷ ಕಳೆದವರಿಗೆ ಯಾರ ಕೊರತೆ ಇದೆ ಎಂದು ಗೊತ್ತಾಗಿತ್ತು.

ನನ್ನ ಸೋದರಮಾವ ಭದ್ರಾವತಿಯ ನ್ಯೂಟೌನಿನಲ್ಲಿ ಫಿಟ್ಟರ್ ಆಗಿದ್ದವರು. ಅವರ ಕಾಲದ ಟ್ರೇಡ್ ಟೆಸ್ಟಿನ ವರ್ಣನೆಯನ್ನು ಅವರ ಬಾಯಿಂದಲೇ ಕೇಳಬೇಕು. ಕೈಗೆ ಎರಡು ಕಬ್ಬಿಣದ ತುಂಡು, ಒಂದು ಅರ, ಒಂದು ಗರಗಸ ಕೊಡುತ್ತಿದ್ದರಂತೆ. ಒಂದರಲ್ಲಿ ಚೌಕದ ಕಚ್ಚು ತೆಗೆಯಬೇಕು, ಇನ್ನೊಂದನ್ನು ಅದರೊಳಗೆ ಕೂರುವ ಹಾಗೆ ಉಜ್ಜಬೇಕು. ಹೊತ್ತು ಮುಗಿದ ಮೇಲೆ ಪರೀಕ್ಷಕರು ಬಂದು ಅಂಚಿಗೆ ಟ್ರೈಸ್ಕ್ವೇರ್ ಹಚ್ಚಿ ಕಿಟಕಿಯ ಕಡೆ ಹಿಡಿದು ನೋಡುವರು. ಸಂದಿನಲ್ಲಿ ಬೆಳಕು ಕಂಡಿತೋ, ಮುಗಿಯಿತು. ಆಮೇಲೆ ತುಂಡನ್ನು ತಿರುಗಿಸಿ, ನಾಲ್ಕೂ ಕಡೆಯಿಂದ ಕೂರಿಸಿ ನೋಡುವರು. ಒಂದು ಕಡೆ ಕೂತು ಇನ್ನೊಂದು ಕಡೆ ಕೂರದಿದ್ದರೆ ಅದೂ ಮುಗಿಯಿತು. “ಅಲ್ಲ ಮಾವ, ಮಾರ್ಕ್ಸ್ ಕಾರ್ಡು ನೋಡ್ಲಿಲ್ವಾ?” ಎಂದು ಕೇಳಿದ್ದಕ್ಕೆ ಅವರು, “ನೋಡಿದ್ರಪ್ಪ. ಟೆಸ್ಟಾದ್ಮೇಲೆ ಆಫೀಸಲ್ಲಿ ಕೊಡು ಅಂದ್ರು. ಗುಮಾಸ್ತ ಎಣಿಸಿ ಫೈಲಿಗೆ ಹಾಕ್ದ” ಎಂದರು.

ಕಾರ್ಖಾನೆಗೆ ಕೈ ಬೇಕಾಗಿದ್ದಾಗ ಕೈ ನೋಡಿದರು. ಈಗ ಭದ್ರಾವತಿಯ ಕಾಗದದ ಕಾರ್ಖಾನೆ 2015ರಿಂದ ನಿಂತಿದೆ. ವಿಶ್ವೇಶ್ವರಯ್ಯನವರು ನಡೆಸಿದ್ದ ಕಬ್ಬಿಣ-ಉಕ್ಕಿನದನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂದು, ಗುತ್ತಿಗೆ ಕಾರ್ಮಿಕರು ಬೀದಿಗಿಳಿದು, ಆಗಸ್ಟಿನಲ್ಲಿ ಬಾರ್ ಮಿಲ್ಲು ಮತ್ತೆ ಅಷ್ಟಿಷ್ಟು ಸದ್ದು ಮಾಡಿತು. ಅದೇ ನ್ಯೂಟೌನಿನ ಮನೆಗಳ ಮೊಮ್ಮಕ್ಕಳು ಬೆಂಗಳೂರಿನ ಬಸ್ಸಿನಲ್ಲಿ ಕೂತು ಸಿಜಿಪಿಎಯ ಲೆಕ್ಕ ಹಾಕುತ್ತಿದ್ದಾರೆ.

ನಮ್ಮ ಅಡಿಕೆ ಮಂಡಿಯವರ ರೀತಿಯೇ ಬೇರೆ. ಅವರಿಗೆ ಡಿಗ್ರಿಯ ಕ್ಲಾಸುಗಳ ಬಗ್ಗೆ ಅಗೌರವವೇನಿಲ್ಲ. ವರ್ಗ ಮಾಡುವುದೇ ಅವರ ಕಸುಬು. ಡಿಸ್ಟಿಂಕ್ಷನ್, ಫಸ್ಟ್, ಸೆಕೆಂಡ್, ಪಾಸ್ ಎಂದು ವಿಶ್ವವಿದ್ಯಾಲಯ ಕೂಗುವ ಹಾಗೆಯೇ ಅಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು. ಆದರೆ ಚೀಲದ ಮೇಲೆ ಏನು ಬರೆದಿದ್ದರೂ ಖರೀದಿದಾರ ಒಂದು ಹಿಡಿ ಕೈಗೆ ತೆಗೆದು, ಒಂದನ್ನು ಒಡೆದು, ಒಳಗಿನ ಬಣ್ಣ ನೋಡದೆ ದರ ಹೇಳುವುದಿಲ್ಲ. ಪರಿಚಯದ ಮಂಡಿ ಸಾಹುಕಾರರೊಬ್ಬರು ಲೆಕ್ಕ ಬರೆಯಲು ಬಿಕಾಂ ಹುಡುಗನನ್ನು ತೆಗೆದುಕೊಂಡಾಗ ನಾನು ಅಲ್ಲೇ ಕೂತಿದ್ದೆ. ಹುಡುಗ ಫೈಲು ಮುಂದೆ ಚಾಚಿದ. ಸಾಹುಕಾರರು ಅದನ್ನು ತೆರೆಯದೆ ತಕ್ಕಡಿಯ ಪಕ್ಕ ಇಟ್ಟು, “ಯಾವೂರು ಅಂದ್ರಿ? ಯಾರ ಮಗ?” ಎಂದರು. ಹೇಳಿದ. “ಓ, ಅವರ ಮಗನಾ. ಕೂತ್ಕೊಳ್ಳಿ” ಎಂದರು. ಸಂದರ್ಶನ ಮುಗಿಯಿತು. ಇದು ಅಂಕ ನೋಡುವುದಕ್ಕಿಂತ ಒಳ್ಳೆಯದು ಎಂದು ನಾನೇನೂ ಹೇಳುತ್ತಿಲ್ಲ. ಯಾರ ಮಗನೂ ಅಲ್ಲದವನಿಗೆ, ಸಾಹುಕಾರರು ಹೆಸರು ಕೇಳದ ಊರಿನವನಿಗೆ, ಆ ತೆರೆಯದ ಫೈಲೊಂದೇ ಗತಿ. ಅರವತ್ತರ ಗೆರೆ ಎಷ್ಟೇ ಕುರುಡಾದರೂ ಅಪ್ಪನ ಹೆಸರು ಕೇಳುವುದಿಲ್ಲ. ಪರ್ಸೆಂಟನ್ನು ಎಷ್ಟು ಬೈದರೂ ಕೊನೆಗೆ ನನ್ನ ಬಾಯಿ ಕಟ್ಟುವುದು ಇಲ್ಲೇ.

ಪಕ್ಕದ ಮನೆಯ ಹುಡುಗನಿಗೆ ಮೊನ್ನೆ ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಕೆಲಸ ಆಯಿತು. ಮೆಕ್ಯಾನಿಕಲ್, ಡಿಸ್ಟಿಂಕ್ಷನ್. ರಾತ್ರಿಯೆಲ್ಲ ಮರಳಿನ ಅಚ್ಚು, ಕರಗುವ ಬಿಂದು ಎಂದು ಓದಿಕೊಂಡು ಹೋಗಿದ್ದ. ಅಲ್ಲಿ ಕೇಳಿದ್ದು ಎರಡೇ ಪ್ರಶ್ನೆಯಂತೆ: ನೈಟ್ ಶಿಫ್ಟ್ ಆಗುತ್ತಾ, ಬೈಕ್ ಇದೆಯಾ. ಎರಡಕ್ಕೂ ಹೌದು ಎಂದ, ಸೋಮವಾರ ಬಾ ಎಂದರು. ಅವನ ಜೊತೆ ಸೇರಿದ ಡಿಪ್ಲೊಮಾದವನಿಗೂ ಇವನಿಗೂ ಸಂಬಳದಲ್ಲಿ ಅಂಥ ದೊಡ್ಡ ಅಂತರವಿಲ್ಲ, ಕೆಲಸ ಹೇಳಿಕೊಡುತ್ತಿರುವವನು ಐಟಿಐ. ಅವನ ತಾಯಿಗೆ ಇದರಿಂದ ಸ್ವಲ್ಪ ಬೇಜಾರಾಗಿದೆ. “ಅಷ್ಟು ಮಾರ್ಕ್ಸ್ ತೆಗ್ದಿದ್ದ, ಒಬ್ರಾದ್ರೂ ಕೇಳ್ಬಾರ್ದಾ?” ಎನ್ನುತ್ತಾರೆ. ಕೇಳುವವರು ಬರುತ್ತಾರೆ ಎಂದು ನಾನು ಸಮಾಧಾನ ಹೇಳಿದ್ದೇನೆ. ಹುಡುಗನಿಗೆ ಹೆಣ್ಣು ನೋಡಲು ಶುರು ಮಾಡಿದ್ದಾರೆ, ಹೆಣ್ಣಿನ ಕಡೆಯವರು ಖಂಡಿತ ಕೇಳುತ್ತಾರೆ. ತೋಟ ಎಷ್ಟು ಎಕರೆ ಎಂದು ಕೇಳಿ ಆದ ಮೇಲೆ.