ಪರದೇಶದ ಹಾಜರಿ ಪುಸ್ತಕ

ಕಾಸರಗೋಡಿನ ನಮ್ಮ ಶಾಲೆಯಲ್ಲಿ ಹಾಜರಿ ಕರೆಯುವ ಹೊಣೆ ಅಧ್ಯಾಪಕರದಾಗಿತ್ತು. ಕೆನಡಾದಲ್ಲಿ ಅದು ನನ್ನ ಪಾಲಿಗೇ ಬಂದಿದೆ. ಅಲ್ಲಿನ ಕಾಯಂ ನಿವಾಸಿಯು ಪೌರತ್ವವನ್ನು ಬಯಸಿದರೆ, ಅರ್ಜಿ ಸಲ್ಲಿಸುವುದಕ್ಕೆ ಹಿಂದಿನ 5 ವರ್ಷಗಳಲ್ಲಿ 1,095 ದಿನಗಳನ್ನು ಆ ನೆಲದ ಮೇಲೆಯೇ ಕಳೆದಿರಬೇಕು. 2017ರಿಂದ ನಡೆದು ಬಂದ ನಿಯಮವಿದು. ಹೊರಟ ದಿನವೂ ಮರಳಿದ ದಿನವೂ ಹಾಜರಿಗೆ ಸೇರುತ್ತವೆ. ನಡುವಿನವು ಮಾತ್ರ ಗೈರುಹಾಜರಿ. ಬೆಳಗ್ಗೆ ನಯಾಗರಾ ಹೊಳೆಯ ಸೇತುವೆ ದಾಟಿ ಅಮೆರಿಕವನ್ನು ಕಂಡು ಸಂಜೆಗೆ ಮರಳಿದರೆ ನಷ್ಟವಿಲ್ಲ. ಕಾಯಂ ನಿವಾಸಿಯಾಗುವ ಮೊದಲು ವಿದ್ಯಾರ್ಥಿಯಾಗಿಯೋ ನೌಕರನಾಗಿಯೋ ಅಲ್ಲಿದ್ದವರಿಗೆ ಆ ಒಂದೊಂದು ದಿನಕ್ಕೂ ಅರ್ಧ ದಿನದ ಬೆಲೆ. ಅದೂ 365ನ್ನು ಮೀರುವಂತಿಲ್ಲ. ಅರ್ಧ ದಿನದ ಹಾಜರಿಯ ವಿಚಾರವನ್ನು ನನ್ನ ಸಹಪಾಠಿಗಳಿಗೆ ವಿವರಿಸಬೇಕಾಗಿಲ್ಲ! ನೇರವಾಗಿ ಕಾಯಂ ನಿವಾಸಿಯಾಗಿಯೇ ಹೋದ ನನಗೆ ಆ ಅರ್ಧವೂ ಇಲ್ಲ.

ಕೆನಡಾದಿಂದ ಹೊರಡುವಾಗ ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದಿಲ್ಲ. ಆದ್ದರಿಂದ 200 ಪುಟದ ಒಂದು ನೋಟುಬುಕ್ಕಿನಲ್ಲಿ ಹೊರಟ ತಾರೀಕು, ಮರಳಿದ ತಾರೀಕು, ಹೋದ ಊರು, ಕಾರಣ ಇವನ್ನೆಲ್ಲ ಬರೆದು, ವಿಮಾನದ ಚೀಟಿಗಳನ್ನು ಅದರೊಳಗೇ ಅಂಟಿಸಿಡುತ್ತೇನೆ. ಕಾರಣವನ್ನು ಬರೆದೆವೆಂದು ಲೆಕ್ಕದಲ್ಲಿ ರಿಯಾಯಿತಿಯೇನೂ ದೊರೆಯದು. ವಿಹಾರಕ್ಕೆ ಹೋದ ದಿನವೂ ಹೆತ್ತವಳ ಹಾಸಿಗೆಯ ಬಳಿ ಕುಳಿತ ದಿನವೂ ಅಲ್ಲಿ ಒಂದೇ.

2023ರಲ್ಲಿ ಅಮ್ಮನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಮೂರು ವಾರಕ್ಕೆಂದು ಜೂನ್ 2ರಂದು ಹೊರಟ ನಾನು ಮರಳಿ ಟೊರೊಂಟೊದಲ್ಲಿ ಇಳಿದದ್ದು ಆಗಸ್ಟ್ 17ರಂದು. ನಡುವೆ 75 ದಿನ. ಅರ್ಜಿಯ ದಿನವೂ ಅಷ್ಟೇ ಮುಂದಕ್ಕೆ ಹೋಯಿತು. ಹೊರಗೆ ಸುರಿಯುವ ಮಳೆ, ಒಳಗೆ ಗಂಜಿಯ ಬಟ್ಟಲು. "ಇವತ್ತಿನದ್ದೂ ಹೋಯಿತಲ್ಲ ಮಗಾ, ನಿನ್ನ ಲೆಕ್ಕದಲ್ಲಿ?" ಎಂದು ಅಮ್ಮ ಕೇಳುವರು. "ಹೋಗಲಿ, ಗಂಜಿ ಕುಡಿ" ಎನ್ನುವೆನು. ಮಗನು ಮನೆಯಲ್ಲಿ ಹಾಜರಿದ್ದ ಆ ದಿನಗಳೆಲ್ಲ ನೋಟುಬುಕ್ಕಿನಲ್ಲಿ ಗೈರುಹಾಜರಿಯೆಂದೇ ದಾಖಲಾಗಿವೆ. ಅವುಗಳಲ್ಲಿ ಒಂದನ್ನೂ ನಾನು ಬಿಟ್ಟುಕೊಡಲಾರೆ.

ಅಪ್ಪನ ಚಿಂತೆ ಬೇರೆಯದು. ಪರದೇಶದ ಪೌರತ್ವವನ್ನು ಸ್ವೀಕರಿಸಿದ ಕ್ಷಣದಲ್ಲಿ ಭಾರತದ ಪೌರತ್ವವು ತಾನಾಗಿ ಕೊನೆಗೊಳ್ಳುವುದೆಂದು 1955ರ ನಮ್ಮ ಕಾಯಿದೆ ವಿಧಿಸುತ್ತದೆ; ಪಾಸ್‌ಪೋರ್ಟನ್ನು ಒಪ್ಪಿಸಬೇಕು. ಸಾಗರೋತ್ತರ ಭಾರತೀಯ ಪೌರನೆಂಬ ಚೀಟಿಯನ್ನು ಪಡೆದರೆ ಜೀವಮಾನವಿಡೀ ಬಂದುಹೋಗಬಹುದು, ಪಿತ್ರಾರ್ಜಿತ ತೋಟಕ್ಕೂ ಅಡ್ಡಿಯಿಲ್ಲ. ಮತದಾನದ ಹಕ್ಕು ಮಾತ್ರ ಇಲ್ಲ. ಅಪ್ಪನಾದರೋ 1956ರ ಅಕ್ಟೋಬರ್ 31ರ ರಾತ್ರಿ ಮದ್ರಾಸ್ ರಾಜ್ಯದಲ್ಲಿ ಮಲಗಿ ಮರುದಿನ ಕೇರಳದಲ್ಲಿ ಎದ್ದವರು. ಹತ್ತು ವರ್ಷದ ಹುಡುಗ, ಅಂಗಳವನ್ನೂ ದಾಟಿರಲಿಲ್ಲ. "ನಮ್ಮನ್ನು ಯಾರೂ ಕೇಳಲಿಲ್ಲ ಮಾರಾಯ. ನಿನ್ನನ್ನು ಕೇಳುತ್ತಾರಲ್ಲ, ನಿಧಾನವಾಗಿ ಯೋಚಿಸಿ ಹೇಳು" ಎಂದರು.

ನೋಟುಬುಕ್ಕಿನಲ್ಲಿ ಲೆಕ್ಕವು 1,131 ದಿನಕ್ಕೆ ಬಂದು ನಿಂತಿದೆ. ಅರ್ಜಿಯನ್ನು ಇನ್ನೂ ಸಲ್ಲಿಸಿಲ್ಲ. ಈ ಬಾರಿಯ ಅಡಕೆ ಕೊಯ್ಲಿಗೆ ಊರಿಗೆ ಬಂದಾಗ ಅಪ್ಪನೊಡನೆ ಇನ್ನೊಮ್ಮೆ ಕುಳಿತು ಮಾತನಾಡಬೇಕೆಂದಿದ್ದೇನೆ.