ಹ್ಯಾಂಡಲ್ಲೂ ಕಿರುಬೆರಳೂ

ಕಳೆದ ವರ್ಷ ನೀವೆಲ್ಲ ಸೇರಿ ನನಗೊಂದು ಹೊಸ ಸೈಕಲ್ಲನ್ನು ಉಡುಗೊರೆಯಾಗಿ ಕೊಟ್ಟಿರಷ್ಟೆ. ಅದರ ಕುರಿತು ಒಂದು ಸಂಗತಿಯನ್ನು ಇಷ್ಟು ದಿನ ಮುಚ್ಚಿಟ್ಟಿದ್ದೆ.

ಮೂವತ್ತು ವರ್ಷ ನನ್ನನ್ನು ಶಾಲೆಗೆ ಹೊತ್ತ ಹಳೆಯ ಕಪ್ಪು ಸೈಕಲ್ಲಿನ ಹ್ಯಾಂಡಲ್ ಸವಾರನ ಕಡೆಗೆ ಬಾಗಿತ್ತು. ಬೆನ್ನು ನೆಟ್ಟಗಿಟ್ಟು ಕುಳಿತರೆ ಹಿಡಿಗಳು ತಾವಾಗಿಯೇ ಕೈಗೆ ಬರುತ್ತಿದ್ದವು. ಹೊಸದರ ಹ್ಯಾಂಡಲ್ಲು ರೂಲುದೊಣ್ಣೆಯಂತೆ ನೇರ, ಸೀಟಿಗಿಂತ ತಗ್ಗು. ಮೈಭಾರವೆಲ್ಲ ಅಂಗೈಗಳ ಮೇಲೆ. ಎರಡು ತಿಂಗಳಲ್ಲಿ ಬಲಗೈಯ ಕಿರುಬೆರಳೂ ಉಂಗುರದ ಬೆರಳೂ ಜೋಮು ಹಿಡಿಯತೊಡಗಿದವು. ತಮ್ಮನಿಗೆ ಕಾಗದ ಬರೆಯಹೊರಟರೆ ಅಕ್ಷರಗಳು ಸೊಟ್ಟಗಾದವು. ನಿಮ್ಮ ಪುಸ್ತಕಗಳಲ್ಲಿ ‘ಅಕ್ಷರ ದುಂಡಗಿರಲಿ’ ಎಂದು ಕೆಂಪು ಶಾಯಿಯಲ್ಲಿ ಬರೆದವನ ಗತಿ ನೋಡಿ! ನಿಜಕ್ಕೂ ಹೆದರಿದೆ.

ಕಿರುಬೆರಳ ಬದಿಯಲ್ಲಿ ಅಂಗೈಯ ಬುಡದೊಳಗೆ ಹಾಯುವ ಅಲ್ನಾರ್ ನರದ ಮೇಲೆ ಒತ್ತಡ ಬಿದ್ದಿದೆಯೆಂದೂ, ಸೈಕಲ್ಲನ್ನಾದರೂ ಬಿಡಬೇಕು, ಹ್ಯಾಂಡಲ್ಲನ್ನಾದರೂ ಬದಲಿಸಬೇಕೆಂದೂ ವೈದ್ಯರು ಹೇಳಿದರು. ಉಡುಗೊರೆಯನ್ನು ಬಿಚ್ಚುವುದು ಹೇಗೆಂದು ಸಂಕೋಚಪಟ್ಟು ಕುಳಿತೆ. ‘ಮಕ್ಕಳು ಕೊಟ್ಟಿದ್ದು ನೀವು ತುಳೀಲಿ ಅಂತ, ಪೂಜೆ ಮಾಡಲಿ ಅಂತಲ್ಲ ಕಣ್ರೀ’ ಎಂದಳು ನನ್ನಾಕೆ.

ಪೇಟೆಯ ಸೈಕಲ್ ಶಾಪಿನ ಸಾಬರಲ್ಲಿಗೆ ಹೋದೆ. ಹಳೆಯ ಸೈಕಲ್ಲಿನ ಹ್ಯಾಂಡಲ್ ಇದಕ್ಕೆ ಕೂಡದು. ಅದರ ನಡುಗಂಬವೂ ಬ್ರೇಕಿನ ಕಡ್ಡಿಗಳೂ ಅದಕ್ಕೇ ಸೇರಿದವು. ಹಿಂದಕ್ಕೆ ಬಾಗಿದ ಬೇರೊಂದನ್ನು ಹುಡುಕಿ, ನಡುವಿನ ದಪ್ಪ ಅಳೆದು ಕೂಡಿಸಿ, ಬ್ರೇಕಿಗೆ ಉದ್ದದ ವೈರು ಹಾಕಿದರು. ಹಿಡಿಗಳು ಸೀಟಿಗಿಂತ ತುಸು ಮೇಲೆ ಬರುವಂತೆ ಕಂಬವನ್ನು ಎತ್ತರಿಸಿದರು. ಕಂಬದ ಮೇಲೊಂದು ಗೆರೆಯಿರುತ್ತದೆ. ಅದು ಹೊರಗೆ ಕಾಣುವಷ್ಟು ಎತ್ತಿದರೆ ಅಪಾಯ. ಮೊದಲ ಸುತ್ತಿನಲ್ಲೇ, ತಿರುವಿನಲ್ಲಿ ಹಿಡಿ ಮೊಣಕಾಲಿಗೆ ತಾಗಿತು. ಬಿಚ್ಚಿ, ಹಿಡಿಗಳ ತುದಿಯನ್ನು ಕೂದಲೆಳೆಯಷ್ಟು ಮೇಲೆತ್ತಿದರು. ಬಳಿಕ ಮುಂದಿನ ಚಕ್ರವನ್ನು ತಮ್ಮ ಮೊಣಕಾಲುಗಳ ನಡುವೆ ಅದುಮಿ ಹಿಡಿದು ಹ್ಯಾಂಡಲ್ಲನ್ನು ಬಲವಾಗಿ ತಿರುಚಿದರು, ಅದು ಅಲುಗಲಿಲ್ಲ.

ಕೊನೆಗೆ ಅವರ ದೃಷ್ಟಿ ಸೀಟಿನ ಮೇಲೆ ಬಿತ್ತು. ‘ಮೇಷ್ಟ್ರೇ, ಇದರ ಮೂಗು ಕೆಳಗಿದೆ. ನೀವು ಮುಂದಕ್ಕೆ ಜಾರ್ತೀರಿ, ಕೈ ತಡೀತದೆ’ ಎಂದರು. ಅರ್ಧ ದೋಷ ಅಲ್ಲಿತ್ತು! ಅದನ್ನೂ ಮಟ್ಟಸ ಮಾಡಿದರು. ಅವರ ಮಗನೂ ನನ್ನ ವಿದ್ಯಾರ್ಥಿಯೇ. ಆದರೂ ಮಜೂರಿಯನ್ನು ಪೂರ್ತಿ ಪಡೆದರು, ಅದೂ ಸರಿಯೇ.

ಉಂಗುರದ ಬೆರಳು ಮೂರು ವಾರಗಳಲ್ಲಿ ಚೇತರಿಸಿತು. ಕಿರುಬೆರಳ ತುದಿಯಲ್ಲಿ ಇನ್ನೂ ತುಸು ಜೋಮಿದೆ. ನೀವು ಕೊಟ್ಟ ನೇರ ಹ್ಯಾಂಡಲ್ಲನ್ನು ಕಾಗದದಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. ಯಾರಿಗಾದರೂ ಬೇಕಿದ್ದರೆ ಬಂದು ಒಯ್ಯಿರಿ.