ಸೀತನಿ ಹದ

ಜನವರಿ ಚಳಿ. ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಕಲಬುರಗಿ ಗಾಡಿ ಹತ್ತಿದ್ದೀರಿ. ಮುಂದಿನ ಸೀಟಿನ ಮುದುಕರು ದಸ್ತಿಯಿಂದ ದವಡೆ ಮುಚ್ಚಿಕೊಂಡಿದ್ದಾರೆ. ಬಾಯಿ ಎರಡು ಬೆರಳಗಲವೂ ತೆರೆಯದು. ಜೊತೆಗೆ ಮಗ. ಪಕ್ಕದ ಸಾಲಿನಲ್ಲಿ ಅದೇ ಓಣಿಯ ಅಕ್ಕ. ಎದೆಯಲ್ಲೊಂದು ಗಂಟು, ಮಡಿಲಲ್ಲಿ ಫೈಲು. ಮೊರಟಗಿ ದಾಟಿದರೆ ಎರಡೂ ಬದಿ ಬಿಳಿಜೋಳ, ತೆನೆ ಸುಟ್ಟು ತಿನ್ನುವ ಎಳೆಗಾಳಿನ ಸೀತನಿ ಹದಕ್ಕೆ ಬಂದಿದೆ. ಮುದುಕರು ಅತ್ತ ನೋಡಿ ಮುಖ ತಿರುಗಿಸುತ್ತಾರೆ. ಜಗಿಯುವ ಹಲ್ಲಿನ ಬುಡದಲ್ಲೇ ಹುಣ್ಣು.

ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕಲಬುರಗಿ ಕೇಂದ್ರ. ಅಕ್ಕನ ಸರದಿ ಮೊದಲು.

"ಇನ್ನ ಎಷ್ಟ್ ದಿನ ಅದೀನ್ರೀ, ಡಾಕ್ಟ್ರ?"

"ಗಂಟು ಸಣ್ಣದೈತಿ, ಬಗಲಿಗೆ ಹಬ್ಬಿಲ್ಲ. ದಿನ ಎಣಸೂ ಮಾತಲ್ಲವ್ವ, ವರ್ಷದ ಮಾತು. ಆಪರೇಷನ್ ಆದಮ್ಯಾಲ ಸಕ್ಕರಿ, ಬಿ.ಪಿ. ಕಡೆ ಲಕ್ಷ್ಯ ಇಡ್ರಿ."

ಮೊದಲ ಹಂತದಲ್ಲಿ ಆಯಸ್ಸಿನ ಲೆಕ್ಕಕ್ಕೆ ಗಂಟಿನಷ್ಟೇ ವಯಸ್ಸು, ಹೃದಯ, ಮೂತ್ರಪಿಂಡವೂ ಬರುತ್ತವೆ.

ಮುದುಕರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಮಗ ಒಬ್ಬನೇ ಒಳಗೆ ಬರುತ್ತಾನೆ. ರೋಗ ಪುಪ್ಪಸಕ್ಕೆ ಇಳಿದಿದೆ.

"ಬಸವ ಜಯಂತಿಗೆ ತಂಗಿ ಲಗ್ನ ಇಟ್ಟೀವ್ರಿ. ಅಲ್ಲೀತನ..."

ವೈದ್ಯೆ ಸ್ಕ್ಯಾನ್ ಬದಿಗಿಡುತ್ತಾರೆ. "ಹಗಲೊತ್ತು ಎಷ್ಟ್ ಹೊತ್ತು ಮಲಗಿರ್ತಾರ?"

"ಅರ್ಧಕ್ಕಿಂತ ಜಾಸ್ತಿರೀ."

"ದೀಪಾವಳಿಗೆ?"

"ಹೊಲಕ್ಕ ಬರ್ತಿದ್ರು. ಎಳ್ಳಮಾಸಿಗೆ ಅಂಗಳತನ. ಹ್ವಾದ ವಾರದಿಂದ ಹೊರಸಿನ ಮ್ಯಾಲೇ."

ಹಬ್ಬಿದ ಕ್ಯಾನ್ಸರಿನಲ್ಲಿ ಸ್ಕ್ಯಾನಿಗಿಂತ ಈ ಉತ್ತರ ಹೆಚ್ಚು ಹೇಳುತ್ತದೆ. ಶಕ್ತಿ ತಿಂಗಳಿಂದ ತಿಂಗಳಿಗೆ ಕುಗ್ಗಿದರೆ ಉಳಿದದ್ದು ತಿಂಗಳು. ವಾರದಿಂದ ವಾರಕ್ಕಾದರೆ ವಾರ. ಊರಿನ ಡಾಕ್ಟರು "ವರ್ಷ ಏನೂ ಆಗಂಗಿಲ್ಲ" ಅಂದಿದ್ದರಂತೆ. ಬೈಯಬೇಡಿ. ಶಿಕಾಗೊದ ನಿಕೋಲಸ್ ಕ್ರಿಸ್ಟಾಕಿಸ್, ಎಲಿಜಬೆತ್ ಲ್ಯಾಮಂಟ್ ಕೊನೆಗಾಲದ 468 ರೋಗಿಗಳ ಬಗ್ಗೆ ವೈದ್ಯರ ಅಂದಾಜು ಕೇಳಿ, 2000ದಲ್ಲಿ ಫಲ ಪ್ರಕಟಿಸಿದರು: ಹತ್ತಿರ ಬಂದದ್ದು ಶೇಕಡಾ 20, ಒಟ್ಟಾರೆ ಇದ್ದದ್ದರ 5.3 ಪಟ್ಟು ಆಯಸ್ಸು ಹೇಳಿದ್ದರು. ರೋಗಿಯ ಪರಿಚಯ ಹಳೆಯದಾದಷ್ಟೂ ತಪ್ಪು ದೊಡ್ಡದು. ಓಣಿಯ ಡಾಕ್ಟರಿಗೆ ಈ ಮುದುಕರು ಎಷ್ಟು ವರ್ಷದ ಗೆಳೆಯರೋ!

"ವಾರದ ಲೆಕ್ಕ ಐತಪ್ಪಾ," ವೈದ್ಯೆಯ ದನಿ ಇಳಿಯುತ್ತದೆ. "ಕೆಲವರು ಎರಡ್ ತಿಂಗಳ ದಾಟ್ತಾರ, ಕೆಲವರಿಗೆ ಹದಿನೈದ್ ದಿನಾನೂ ಸಿಗಂಗಿಲ್ಲ. ಒಂದ ಅಂಕಿ ನಾ ಹೇಳಂಗಿಲ್ಲ. ಲಗ್ನ ಲಗೂನ ಮಾಡ್ರಿ."

ಸಂಜೆ ಕಟ್ಟಿಸಂಗಾವಿ ಸೇತುವೆ, ಕೆಳಗೆ ಭೀಮೆ. ಮಗ ಫೋನಿನಲ್ಲಿ ಬೀಗರಿಗೆ ಹೇಳುತ್ತಿದ್ದಾನೆ: "ಮನಿ ಮುಂದ ಹಂದರ ಹಾಕ್ತೀವ್ರಿ, ದೊಡ್ಡದೇನ್ ಬ್ಯಾಡ. ಯಾವಾಗಂದ್ರ..."

ಮುದುಕರು ದಸ್ತಿ ಸರಿಸುತ್ತಾರೆ.

"ಸೀತನಿ ಮುಗಿಯೂದ್ರೊಳಗ ಅನ್ನು."